ಹೆಸರು ಆಮೇಲೆ, ಮೊದಲು ನೀರಿನ ದಾರಿ

ಪ್ರಶ್ನೆ: ನಾವು ತೀರ್ಥಹಳ್ಳಿ ತಾಲ್ಲೂಕಿನವರು. ನನ್ನ ತಮ್ಮನಿಗೆ 29 ವರ್ಷ. ಸೊಸೈಟಿಯಲ್ಲಿ ಕೆಲಸ, ಜೊತೆಗೆ ಮನೆಯ ಅಡಿಕೆ ತೋಟವನ್ನೂ ನೋಡಿಕೊಳ್ಳುತ್ತಾನೆ. ಏಳು ತಿಂಗಳಿಂದ ತಲೆನೋವು. ಮೊದಲು ಸೈನಸ್ ಅಂದರು, ಆಮೇಲೆ ಮೈಗ್ರೇನ್ ಅಂದರು, ಕನ್ನಡಕವೂ ಬದಲಾಯಿತು. ಹೋದ ತಿಂಗಳಿಂದ ಬೆಳಗ್ಗೆ ಎದ್ದ ಕೂಡಲೇ ವಾಂತಿ. ಬಗ್ಗಿ ಎದ್ದಾಗ ಎರಡು ಮೂರು ಸೆಕೆಂಡು ಕಣ್ಣು ಕತ್ತಲೆ ಬರುತ್ತದೆ ಅನ್ನುತ್ತಾನೆ. ಶಿವಮೊಗ್ಗದಲ್ಲಿ ಎಂಆರ್‌ಐ ಮಾಡಿಸಿದೆವು. ಮೆದುಳಿನ ಒಳಗಿನ ನೀರಿನ ಕೋಣೆಯಲ್ಲಿ 4.2 ಸೆಂಟಿಮೀಟರ್ ಗೆಡ್ಡೆ ಇದೆ, ಸೆಂಟ್ರಲ್ ನ್ಯೂರೋಸೈಟೋಮಾ ಇರಬಹುದು, ಸಬ್‌ಎಪೆಂಡೈಮೋಮಾ ಕೂಡ ಇರಬಹುದು ಎಂದು ರಿಪೋರ್ಟಿನಲ್ಲಿದೆ. ಬಹಳ ಅಪರೂಪದ್ದು ಅಂದರು. ಇದು ಕ್ಯಾನ್ಸರಾ? ಮೊದಲು ಬಯಾಪ್ಸಿ ಮಾಡಿಸಿ ಹೆಸರು ಖಚಿತ ಮಾಡಿಕೊಂಡು ಆಮೇಲೆ ಆಪರೇಷನ್ ಯೋಚನೆ ಮಾಡಬಾರದಾ? ತಲೆ ತೆರೆಯದೆ ಗಾಮಾ ನೈಫ್‌ನಲ್ಲಿ ಆಗುವುದಿಲ್ಲವಾ? ನೆಂಟರು ನಾಟಿ ಔಷಧ ಕೊಡಿಸಿ ನೋಡಿ ಅನ್ನುತ್ತಿದ್ದಾರೆ. ಆಪರೇಷನ್ ಆದರೆ ಅವನು ಮೊದಲಿನ ಹಾಗೇ ಇರುತ್ತಾನಾ? ಅವನಿಗೆ ನಾವಿನ್ನೂ ಹೇಳಿಲ್ಲ, ‘ತಲೆಯಲ್ಲಿ ನೀರು ತುಂಬಿದೆ’ ಎಂದಷ್ಟೇ ಹೇಳಿದ್ದೇವೆ.

ಉತ್ತರ: ನಿಮ್ಮ ಪತ್ರದಲ್ಲಿ ನಾನು ಎರಡು ಸಲ ಓದಿದ ಸಾಲು ಒಂದಿದೆ. ಬಗ್ಗಿ ಎದ್ದಾಗ ತಮ್ಮನಿಗೆ ಕಣ್ಣು ಕತ್ತಲೆ ಬರುತ್ತದೆ ಎಂಬ ಸಾಲು. ನಿಮ್ಮ ಪ್ರಶ್ನೆಗಳಿಗೆಲ್ಲ ಉತ್ತರ ಬರೆಯುತ್ತೇನೆ, ಆದರೆ ಅದಕ್ಕೂ ಮೊದಲು ಇದನ್ನು ಕೇಳಿ. ಈ ವಾರದೊಳಗೆ ಅವನು ಒಬ್ಬ ನ್ಯೂರೋಸರ್ಜನ್ ಮುಂದೆ ಕೂತಿರಬೇಕು. ಅಡಿಕೆ ಕೊಯ್ಲು ಮುಗಿಯಲಿ, ಮನೆಯ ಕಾರ್ಯ ಆಗಲಿ ಎಂದು ಮುಂದೂಡಬೇಡಿ. ಅಲ್ಲಿಯವರೆಗೆ ಬೈಕ್ ಬೇಡ, ಮರ ಹತ್ತುವುದು ಬೇಡ, ಒಬ್ಬನೇ ಹಳ್ಳದ ಕಡೆ ಹೋಗುವುದು ಬೇಡ.

ಅಷ್ಟರೊಳಗೆ ಒಬ್ಬ ಕಣ್ಣಿನ ಡಾಕ್ಟರಿಂದ ಕಣ್ಣಿನ ಹಿಂಭಾಗದ ನರ ನೋಡಿಸಿ. ಕನ್ನಡಕದ ನಂಬರ್ ನೋಡುವುದು ಬೇರೆ, ಇದು ಬೇರೆ. ಕಣ್ಣಿಗೆ ಹನಿ ಹಾಕಿ, ಪಾಪೆ ಹಿಗ್ಗಿಸಿ, ಬೆಳಕು ಬಿಟ್ಟು ಒಳಗೆ ನೋಡುತ್ತಾರೆ. ಆರೋಗ್ಯವಾದ ನರದ ತುದಿ ಹುಣ್ಣಿಮೆಯ ಚಂದ್ರನ ಹಾಗೆ ದುಂಡಗೆ ಕಾಣುತ್ತದೆ, ಅಂಚು ಸ್ಪಷ್ಟವಾಗಿರುತ್ತದೆ. ತಲೆಯೊಳಗೆ ಒತ್ತಡ ಏರಿದ್ದರೆ ಅದೇ ಅಂಚು ಮೋಡ ಕವಿದ ಹಾಗೆ ಮಸುಕಾಗಿ, ಮಧ್ಯ ಉಬ್ಬಿ, ಸುತ್ತ ಸಣ್ಣ ಸಣ್ಣ ರಕ್ತದ ಗೆರೆಗಳು ಕಾಣುತ್ತವೆ. ನಿಮ್ಮ ತಮ್ಮನಿಗೆ ಕಣ್ಣು ಕತ್ತಲೆ ಬರುವುದು ಬಹುಶಃ ಇದರಿಂದ. ಒಂದು ಸಣ್ಣ ಮಾತು, ಆದರೆ ಮರೆಯಬೇಡಿ: ಹನಿ ಹಾಕಿದ ಹೊತ್ತನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಅದೇ ದಿನ ಏನಾದರೂ ತುರ್ತಾಗಿ ಆಸ್ಪತ್ರೆಗೆ ಓಡಬೇಕಾಗಿ ಬಂದರೆ, ಪಾಪೆ ಹಿಗ್ಗಿರುವುದು ಹನಿಯಿಂದಲೋ ಒತ್ತಡದಿಂದಲೋ ಎಂದು ಅಲ್ಲಿನ ಡ್ಯೂಟಿ ಡಾಕ್ಟರಿಗೆ ತಿಳಿಯಬೇಕು.

ಈಗ ಗೆಡ್ಡೆಯ ವಿಷಯ. ನಿಮಗೆ ತೋಟ ಇರುವುದರಿಂದ ಹೇಳುವುದು ಸುಲಭ. ಮೆದುಳಿನೊಳಗೆ ನಾಲ್ಕು ಕೋಣೆಗಳಿವೆ, ಅವುಗಳಲ್ಲಿ ತಿಳಿನೀರಿನಂಥ ಒಂದು ದ್ರವ ಹಗಲೂ ರಾತ್ರಿ ಊರುತ್ತಿರುತ್ತದೆ. ದಿನಕ್ಕೆ ಹೆಚ್ಚುಕಡಿಮೆ ಅರ್ಧ ಲೀಟರ್ ಊರುತ್ತದೆ. ಯಾವ ಹೊತ್ತಿನಲ್ಲಿ ನೋಡಿದರೂ ತಲೆ, ಬೆನ್ನುಹುರಿ ಎರಡೂ ಸೇರಿ ಇರುವುದು ಮಾತ್ರ ಸುಮಾರು 150 ಮಿಲಿಲೀಟರ್. ಅಂದರೆ ಊರಿದ್ದು ಊರಿದ ಹಾಗೆ ಹರಿದು ಹೋಗುತ್ತಿರಬೇಕು. ಮೇಲಿನ ಎರಡು ದೊಡ್ಡ ಕೋಣೆಗಳಿಂದ ಕೆಳಗಿನ ಕೋಣೆಗೆ ಇಳಿಯಲು ಎಡಕ್ಕೊಂದು ಬಲಕ್ಕೊಂದು ಕಿರುಗಿಂಡಿ, ಕೆಲವೇ ಮಿಲಿಮೀಟರ್ ಅಗಲ. ಆಷಾಢದ ಮಳೆಯಲ್ಲಿ ಬಸಿಗಾಲುವೆಗೆ ಒಂದು ಸೋಗೆ ಬಿದ್ದು ಅಡ್ಡ ನಿಂತರೆ ಏನಾಗುತ್ತದೆ ಎಂದು ನಿಮಗೆ ಗೊತ್ತು. ಮಳೆ ನಿಲ್ಲುವುದಿಲ್ಲ, ನೀರು ಹೋಗುವುದಿಲ್ಲ, ತೋಟದ ತುಂಬ ನೀರು ನಿಂತು ಬೇರು ಕೊಳೆಯುತ್ತದೆ. ನಿಮ್ಮ ತಮ್ಮನ ಗೆಡ್ಡೆ ಕೂತಿರುವುದು ಆ ಗಿಂಡಿಯ ಬಾಯಲ್ಲಿ. ರಾತ್ರಿಯಿಡೀ ಮಲಗಿದ್ದು ಬೆಳಗ್ಗೆ ಏಳುವ ಹೊತ್ತಿಗೆ ಒತ್ತಡ ಹೆಚ್ಚಿರುತ್ತದೆ, ಅದಕ್ಕೇ ಬೆಳಗಿನ ತಲೆನೋವು, ಬೆಳಗಿನ ವಾಂತಿ.

ಏಳು ತಿಂಗಳು ಗೊತ್ತಾಗಲಿಲ್ಲವಲ್ಲ ಎಂದು ನೀವು ಯಾರನ್ನೂ ದೂರಬೇಡಿ, ನಿಮ್ಮನ್ನೂ ದೂರಿಕೊಳ್ಳಬೇಡಿ. ತಲೆನೋವು ಎಂದು ಬರುವ ನೂರಾರು ಜನರಲ್ಲಿ ಬಹುಪಾಲು ಮಂದಿಗೆ ಇರುವುದು ಮೈಗ್ರೇನೇ. ನಮ್ಮ ಕಡೆ ಇನ್ನೊಂದು ತೊಡಕಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮಂಗನ ಕಾಯಿಲೆ ಮೊದಲು ಪತ್ತೆಯಾದಾಗಿನಿಂದ, ಚಳಿಗಾಲ ಕಳೆದು ಬೇಸಿಗೆ ಬರುವ ಹೊತ್ತಿಗೆ ತಲೆನೋವು ಅಂದರೆ ಮಲೆನಾಡಿನವರ ಮನಸ್ಸು ಮೊದಲು ಅತ್ತ ಓಡುತ್ತದೆ. ಡಾಕ್ಟರೂ ಅದನ್ನೇ ಮೊದಲು ಕೇಳುತ್ತಾರೆ, ಕೇಳಬೇಕಾದ್ದೇ. ಆದರೆ ಅದು ಜ್ವರದ ಜೊತೆ ಒಮ್ಮೆಲೇ ಬರುವ ತಲೆನೋವು. ಜ್ವರವಿಲ್ಲದೆ ವಾರದಿಂದ ವಾರಕ್ಕೆ ಏರುವ, ಬೆಳಗಿನ ಜಾವ ಎಬ್ಬಿಸುವ, ಕೆಮ್ಮಿದರೆ ಬಗ್ಗಿದರೆ ಹೆಚ್ಚಾಗುವ, ವಾಂತಿ ಆದಮೇಲೆ ಸ್ವಲ್ಪ ಹಗುರಾಗುವ ತಲೆನೋವಿಗೆ ಸ್ಕ್ಯಾನ್ ಬೇಕು. ಓದುತ್ತಿರುವ ಬೇರೆಯವರಿಗೂ ಇದು ತಿಳಿದಿರಲಿ.

‘ಅಪರೂಪ’ ಎಂಬ ಮಾತು ನಿಮ್ಮನ್ನು ಹೆದರಿಸಿದೆ ಎಂದು ಕಾಣುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೊರತಂದ ವರ್ಗೀಕರಣದಲ್ಲಿ ಮೆದುಳು ಮತ್ತು ನರಮಂಡಲದ ಗೆಡ್ಡೆಗಳ ನೂರಕ್ಕೂ ಹೆಚ್ಚು ಬಗೆಗಳಿವೆ. ಅವುಗಳಲ್ಲಿ ಹೆಚ್ಚಿನವು ಅಪರೂಪದವೇ. ಸೆಂಟ್ರಲ್ ನ್ಯೂರೋಸೈಟೋಮಾ ಮೆದುಳಿನ ಸಾವಿರ ಗೆಡ್ಡೆಗಳಲ್ಲಿ ಒಂದರಿಂದ ಐದರಷ್ಟು ಸಿಗುತ್ತದೆ. ಅಪರೂಪ ಅಂದರೆ ಕೆಟ್ಟದ್ದು ಎಂದಲ್ಲ. ಎಲ್ಲಕ್ಕಿಂತ ಕ್ರೂರವಾದ ಗ್ಲಿಯೋಬ್ಲಾಸ್ಟೋಮಾ ನಮಗೆ ಬಹಳ ಸಾಮಾನ್ಯವಾಗಿ ಸಿಗುವ ಗೆಡ್ಡೆ. ರಿಪೋರ್ಟಿನಲ್ಲಿರುವ ಎರಡು ಹೆಸರುಗಳಲ್ಲಿ ಸಬ್‌ಎಪೆಂಡೈಮೋಮಾ ಗ್ರೇಡ್ 1, ನ್ಯೂರೋಸೈಟೋಮಾ ಗ್ರೇಡ್ 2. ಗ್ರೇಡ್ ಅಂದರೆ ಗೆಡ್ಡೆಯ ಕ್ರೂರತನದ ಮಟ್ಟ, 1 ಎಲ್ಲಕ್ಕಿಂತ ಸೌಮ್ಯ, 4 ಎಲ್ಲಕ್ಕಿಂತ ಕ್ರೂರ. ಎರಡೂ ನಿಧಾನಕ್ಕೆ ಬೆಳೆಯುವಂಥವು. ಜನ ಕ್ಯಾನ್ಸರ್ ಎಂದು ಯಾವುದಕ್ಕೆ ಹೆದರುತ್ತಾರೋ, ಮೈಯೆಲ್ಲ ಹರಡಿ ತಿಂಗಳುಗಳಲ್ಲಿ ಮನುಷ್ಯನನ್ನು ತಿನ್ನುವಂಥದ್ದು, ಅದು ಇದಲ್ಲ. ಆದರೆ ಕ್ಯಾನ್ಸರ್ ಅಲ್ಲ ಎಂದು ನಿಶ್ಚಿಂತೆಯಿಂದ ಕೂರುವ ಹಾಗೂ ಇಲ್ಲ. ಈ ಗೆಡ್ಡೆಯ ಅಪಾಯ ಅದರ ಗುಣದಲ್ಲಿಲ್ಲ, ಅದು ಕೂತ ಜಾಗದಲ್ಲಿದೆ.

ಸ್ಕ್ಯಾನ್ ನೋಡಿ ಹೆಸರು ಹೇಗೆ ಊಹಿಸುತ್ತೇವೆ ಎಂದರೆ, ವಯಸ್ಸು ಮತ್ತು ಜಾಗ ಅರ್ಧ ಉತ್ತರ ಕೊಟ್ಟುಬಿಡುತ್ತವೆ. ಇದೇ ಕೋಣೆಯಲ್ಲಿ ಪುಟ್ಟ ಮಗುವಿಗೆ ಗೆಡ್ಡೆ ಇದ್ದರೆ ನಮ್ಮ ಯೋಚನೆ ಬೇರೆ. ಚಿಕ್ಕಂದಿನಿಂದ ಫಿಟ್ಸ್ ಇದ್ದು, ಮೈಮೇಲೆ ಎಲೆಯಾಕಾರದ ಬಿಳಿ ಮಚ್ಚೆಗಳಿದ್ದರೆ ಟ್ಯೂಬರಸ್ ಸ್ಕ್ಲೆರೋಸಿಸ್ ಎಂಬ ವಂಶವಾಹಿ ಕಾಯಿಲೆಯ ಗೆಡ್ಡೆ ಇರಬಹುದು, ಅದನ್ನು ಮಾತ್ರೆಯಿಂದಲೇ ಕುಗ್ಗಿಸಲು ಆಗುವುದುಂಟು. ಹಾಗಾಗಿ ಡಾಕ್ಟರು ಅಂಗಿ ತೆಗೆಸಿ ಬೆನ್ನು ನೋಡಿದರೆ ಆಶ್ಚರ್ಯಪಡಬೇಡಿ. ಐವತ್ತು ದಾಟಿದವರಲ್ಲಿ ಸಬ್‌ಎಪೆಂಡೈಮೋಮಾ ಮುಂದೆ ಬರುತ್ತದೆ. ಇಪ್ಪತ್ತರಿಂದ ನಲವತ್ತರ ನಡುವಿನವರಲ್ಲಿ, ಎರಡು ಕೋಣೆಗಳ ನಡುವಿನ ತೆಳು ಗೋಡೆಗೆ ಅಂಟಿಕೊಂಡು, ಒಳಗೆ ಸೋಪಿನ ನೊರೆಯ ಹಾಗೆ ಸಣ್ಣ ಸಣ್ಣ ಗುಳ್ಳೆಗಳು ತುಂಬಿದ ಗೆಡ್ಡೆ ಕಂಡರೆ ನ್ಯೂರೋಸೈಟೋಮಾ ಎನ್ನುತ್ತೇವೆ. ಒಂದು ಸಾದಾ ಸಿಟಿ ಕೂಡ ಮಾಡಿಸುತ್ತಾರೆ. ಎಂಆರ್‌ಐ ಆದಮೇಲೆ ಸಿಟಿ ಯಾಕೆ, ದುಡ್ಡಿಗಾಗಿಯಾ ಎಂದು ಬಹಳ ಜನ ಕೇಳುತ್ತಾರೆ. ಗೆಡ್ಡೆಯೊಳಗಿನ ಸುಣ್ಣದ ಕಣಗಳು ಸಿಟಿಯಲ್ಲಿ ಸ್ಪಷ್ಟವಾಗಿ ಕಾಣುತ್ತವೆ, ಅದಕ್ಕೆ.

ಇಷ್ಟೆಲ್ಲ ಮಾಡಿದರೂ ಅದು ಊಹೆಯೇ. ಅಂಗಾಂಶ ಕೈಗೆ ಬರದೆ ಹೆಸರು ಖಚಿತವಾಗುವುದಿಲ್ಲ. ಇದಕ್ಕೊಂದು ಚರಿತ್ರೆ ಇದೆ. ನ್ಯೂರೋಸೈಟೋಮಾದ ಕೋಶಗಳನ್ನು ಸಾಧಾರಣ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ದುಂಡಗಿನ ಬೀಜ, ಸುತ್ತ ಬಿಳಿ ಬಳೆ. ಆಲಿಗೋಡೆಂಡ್ರೋಗ್ಲಿಯೋಮಾ ಎಂಬ ಇನ್ನೊಂದು ಗೆಡ್ಡೆಯೂ ತದ್ರೂಪ ಹಾಗೇ ಕಾಣುತ್ತದೆ. ವರ್ಷಗಟ್ಟಲೆ ಇದನ್ನು ಅದೇ ಎಂದು ಬರೆದದ್ದುಂಟು. 1982ರಲ್ಲಿ ಫ್ರಾನ್ಸಿನ ಹಸೂನ್ ಮತ್ತು ಅವರ ಜೊತೆಗಾರರು ಇಬ್ಬರು ರೋಗಿಗಳ ಗೆಡ್ಡೆಯನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿ, ಇದರ ಕೋಶಗಳಲ್ಲಿ ನರಕೋಶದ ಲಕ್ಷಣಗಳಿವೆ, ನರಕೋಶಗಳು ಒಂದಕ್ಕೊಂದು ಕೈಜೋಡಿಸುವಂಥ ಜಾಗಗಳೂ ಇವೆ ಎಂದು ತೋರಿಸಿದರು. ಆಗ ಬಂದದ್ದು ಈ ಹೆಸರು. ಈಗ ಆ ದೊಡ್ಡ ಯಂತ್ರ ಬೇಕಿಲ್ಲ. ಸಿನಾಪ್ಟೋಫೈಸಿನ್ ಎಂಬ ಬಣ್ಣದ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ನ್ಯೂರೋಸೈಟೋಮಾಕ್ಕೂ ಆಲಿಗೋಡೆಂಡ್ರೋಗ್ಲಿಯೋಮಾಕ್ಕೂ ಮುಂದಿನ ಚಿಕಿತ್ಸೆ ಬೇರೆ ಬೇರೆ, ಹಾಗಾಗಿ ಹೆಸರು ಸರಿಯಾಗಿರುವುದು ಮುಖ್ಯ. ಅದರಲ್ಲಿ ನಿಮ್ಮದು ಸರಿಯಾದ ಯೋಚನೆ.

ಆದರೆ ‘ಮೊದಲು ಹೆಸರು, ಆಮೇಲೆ ಆಪರೇಷನ್’ ಎಂಬ ಕ್ರಮ ಇಲ್ಲಿ ಹೊಂದುವುದಿಲ್ಲ. ಇದನ್ನು ನಾನು ಪುಸ್ತಕದಿಂದ ಕಲಿತು ಹೇಳುತ್ತಿಲ್ಲ. ಬಹಳ ವರ್ಷದ ಹಿಂದೆ ಹೊಸನಗರದ ಕಡೆಯ ಒಬ್ಬ ಹೆಣ್ಣುಮಗಳು ಬಂದಿದ್ದಳು. ಮೂರು ಕಡೆ ತೋರಿಸಿ, ಒಂದು ಕಡೆ ಮನಸ್ಸಿನ ಕಾಯಿಲೆ ಎಂದೂ ಹೇಳಿಸಿಕೊಂಡು ಬಂದವಳು. ಗೆಡ್ಡೆ ಹೆಚ್ಚುಕಡಿಮೆ ನಿಮ್ಮ ತಮ್ಮನದೇ ಜಾಗದಲ್ಲಿತ್ತು. ರಿಪೋರ್ಟಿನಲ್ಲಿ ಮೂರು ಹೆಸರುಗಳಿದ್ದವು. ಇನ್ನೊಂದು ವಿಶೇಷ ಸ್ಕ್ಯಾನ್ ಮಾಡಿದರೆ ಹೆಸರು ಸ್ಪಷ್ಟವಾದೀತು ಎಂದು ನಾವು ಕಾದೆವು, ಆ ನಿರ್ಧಾರದಲ್ಲಿ ನಾನೂ ಇದ್ದೆ. ಹತ್ತು ದಿನ ಹೋಯಿತು. ಆ ಹತ್ತು ದಿನದಲ್ಲಿ ಅವಳಿಗೆ ನನ್ನ ಬೆರಳು ಎಷ್ಟು ಎಂದು ಎಣಿಸಲು ಆಗದ ಸ್ಥಿತಿ ಬಂತು. ಆಪರೇಷನ್ ಚೆನ್ನಾಗಿಯೇ ಆಯಿತು, ಗೆಡ್ಡೆ ಪೂರ್ತಿ ಬಂತು, ಅದು ಏನೂ ಕೆಟ್ಟದ್ದಾಗಿರಲಿಲ್ಲ. ಕಣ್ಣು ಮಾತ್ರ ಮರಳಲಿಲ್ಲ. ಡಿಸ್ಚಾರ್ಜ್ ದಿನ ಅವಳ ಗಂಡ ಕೈಹಿಡಿದು ಮೆಟ್ಟಿಲಿಳಿಸಿದ್ದು ಇವತ್ತಿಗೂ ಕಣ್ಣಮುಂದಿದೆ. ಅಂದಿನಿಂದ ಇಂಥ ಸ್ಕ್ಯಾನ್ ನೋಡಿದರೆ ನಾನು ಮೊದಲು ಕೇಳುವುದು ಒಂದೇ: ನೀರು ಎಷ್ಟು ನಿಂತಿದೆ, ಕಣ್ಣಿನ ನರ ಹೇಗಿದೆ?

ಸೂಜಿ ಬಯಾಪ್ಸಿ ಯಾಕೆ ಬೇಡ ಎಂದರೆ, ನೀರಿನ ಕೋಣೆಯ ಗೆಡ್ಡೆಗೆ ಸೂಜಿ ಚುಚ್ಚಿ ಒಳಗೆ ರಕ್ತ ಸೋರಿದರೆ ತಡೆಯುವುದು ಕಷ್ಟ. ಬಂದ ಚೂರು ಚಿಕ್ಕದಾದರೆ ಹೆಸರೂ ಖಚಿತವಾಗದೆ ಹೋಗಬಹುದು. ಅದಕ್ಕಿಂತ ಮುಖ್ಯವಾಗಿ, ಬಯಾಪ್ಸಿ ಆದರೂ ದಾರಿ ಕಟ್ಟಿಯೇ ಇರುತ್ತದೆ. ಗೆಡ್ಡೆ ತೆಗೆದರೆ ಅಂಗಾಂಶವೂ ಸಿಗುತ್ತದೆ, ನೀರಿನ ದಾರಿಯೂ ತೆರೆಯುತ್ತದೆ, ಒಂದೇ ಸಲಕ್ಕೆ.

ಎಲ್ಲ ಅಪರೂಪದ ಗೆಡ್ಡೆಗಳಿಗೂ ಹೀಗೆ ಚಾಕು ಹಿಡಿದು ಹೋಗುತ್ತೇವೆ ಎಂದುಕೊಳ್ಳಬೇಡಿ. ಮೆದುಳಿನ ನಟ್ಟನಡುವೆ ಪೀನಿಯಲ್ ಗ್ರಂಥಿಯ ಹತ್ತಿರ ಹದಿಹರೆಯದ ಹುಡುಗರಿಗೆ ಬರುವ ಜರ್ಮಿನೋಮಾ ಇದೆ. ರಕ್ತದಲ್ಲೂ ಮೆದುಳಿನ ನೀರಿನಲ್ಲೂ ಗೆಡ್ಡೆಯ ಸುಳಿವು ಕೊಡುವ ಎರಡು ಮಾರ್ಕರ್‌ಗಳನ್ನು ನೋಡಿ, ಬೇಕಾದರೆ ಎಂಡೋಸ್ಕೋಪಿಯಿಂದ ಒಂದು ಚೂರು ತೆಗೆದು, ಆಮೇಲೆ ರೇಡಿಯೇಷನ್ ಮತ್ತು ಕೀಮೋದಿಂದಲೇ ಬಹುಪಾಲು ಗುಣಪಡಿಸುತ್ತಾರೆ. ಅಲ್ಲಿ ದೊಡ್ಡ ಆಪರೇಷನ್ ಮಾಡಿದರೆ ತಪ್ಪು. ಬಿಳಿ ರಕ್ತಕಣಗಳಿಂದ ಹುಟ್ಟುವ ಮೆದುಳಿನ ಲಿಂಫೋಮಾ ಇನ್ನೂ ವಿಚಿತ್ರ. ಊತ ಇಳಿಸಲು ಕೊಡುವ ಸ್ಟೀರಾಯ್ಡ್ ಬಿದ್ದರೆ ಗೆಡ್ಡೆ ತಾತ್ಕಾಲಿಕವಾಗಿ ಕರಗಿ, ಬಯಾಪ್ಸಿಯಲ್ಲಿ ಏನೂ ಸಿಗದ ಹಾಗೆ ಆಗುತ್ತದೆ. ನಮ್ಮ ದೇಶದಲ್ಲಿ ಟಿಬಿ ಗಂಟು, ಲಾಡಿಹುಳುವಿನ ಮರಿಯ ಗಂಟು ಕೂಡ ಸ್ಕ್ಯಾನಿನಲ್ಲಿ ಗೆಡ್ಡೆಯ ವೇಷ ಹಾಕಿ ಬರುತ್ತವೆ, ಅವಕ್ಕೆ ಹೆಚ್ಚಾಗಿ ಮಾತ್ರೆ ಸಾಕು. ಪಿಟ್ಯುಟರಿ ಗ್ರಂಥಿಯ ಹತ್ತಿರ ಬೆಳೆಯುವ ಕ್ರೇನಿಯೋಫ್ಯಾರಿಂಜಿಯೋಮಾದಲ್ಲಿ ಪೂರ್ತಿ ತೆಗೆಯಲೇಬೇಕೆಂದು ಹಠ ಹಿಡಿದರೆ ಹಸಿವು, ನಿದ್ದೆ, ಹಾರ್ಮೋನು ನಡೆಸುವ ಭಾಗಕ್ಕೇ ಪೆಟ್ಟು. ಅಂದರೆ ಹೆಸರಿನ ಊಹೆ ಚಾಕುವನ್ನು ತಡೆಯುವುದೂ ಉಂಟು. ನಿಮ್ಮ ತಮ್ಮನ ವಿಷಯದಲ್ಲಿ ಊಹೆಗೆ ಬಂದ ಎರಡೂ ಹೆಸರುಗಳ ದಾರಿ ಒಂದೇ, ತೆಗೆಯುವುದು. ಹಾಗಾಗಿ ಅವೆರಡರ ನಡುವೆ ಯಾವುದು ಎಂದು ಈಗ ತಲೆಕೆಡಿಸಿಕೊಳ್ಳಬೇಡಿ.

ಸ್ಟೀರಾಯ್ಡ್ ಮಾತು ಬಂತು. ಡೆಕ್ಸಾಮೆಥಾಸೋನ್ ಮಾತ್ರೆ ಬರೆದುಕೊಟ್ಟಿದ್ದರೆ ಹೇಳಿದಷ್ಟೇ ದಿನ, ಹೇಳಿದಷ್ಟೇ ಪ್ರಮಾಣ. ತಲೆನೋವು ಇಳಿಯಿತು ಎಂದು ಮೆಡಿಕಲ್ ಶಾಪಿನಲ್ಲಿ ಅದೇ ಚೀಟಿ ತೋರಿಸಿ ಮತ್ತೆ ಮತ್ತೆ ತರಬೇಡಿ. ವಾರಗಟ್ಟಲೆ ತೆಗೆದುಕೊಂಡಿದ್ದರೆ ಒಮ್ಮೆಲೇ ನಿಲ್ಲಿಸಲೂ ಬೇಡಿ. ಎರಡರಲ್ಲೂ ಅಪಾಯ ಇದೆ.

ಗಾಮಾ ನೈಫ್ ಬಗ್ಗೆ ಕೇಳಿದ್ದೀರಿ. ಹೆಸರಲ್ಲಿ ನೈಫ್ ಇದ್ದರೂ ಅದು ಕಿರಣ. ಸಾಮಾನ್ಯವಾಗಿ 3 ಸೆಂಟಿಮೀಟರಿಗಿಂತ ಚಿಕ್ಕ ಗೆಡ್ಡೆಗಳಿಗೆ ಒಳ್ಳೆಯದು, ಮತ್ತು ಫಲ ಕಾಣಲು ತಿಂಗಳುಗಳು, ಕೆಲವೊಮ್ಮೆ ವರ್ಷ ಬೇಕು. ಕಾಲುವೆಗೆ ಅಡ್ಡ ಬಿದ್ದ ಮರ ತಾನಾಗಿ ಒಣಗಿ ಕುಗ್ಗಲಿ ಎಂದು ಮಳೆಗಾಲದಲ್ಲಿ ಕಾದ ಹಾಗಾಗುತ್ತದೆ. ಆಪರೇಷನ್‌ನಲ್ಲಿ ಉಳಿದುಹೋದ ಚೂರಿಗೆ, ಅಥವಾ ವರ್ಷಗಳ ನಂತರ ಮತ್ತೆ ಚಿಗುರಿದ್ದಕ್ಕೆ, ಅದು ಬಹಳ ಉಪಯೋಗಕ್ಕೆ ಬರುತ್ತದೆ. ನಾಟಿ ಔಷಧದ ಬಗ್ಗೆ ನನ್ನ ಉತ್ತರವೂ ಇದೇ. ಕೊಡಿಸಿ ಎನ್ನುವವರ ಪ್ರೀತಿಯನ್ನು ನಾನು ಸಂಶಯಿಸುವುದಿಲ್ಲ. ಹರಕೆ ಹೊತ್ತುಕೊಳ್ಳಿ, ದೇವರಿಗೆ ಕಾಯಿ ಒಡೆಸಿ. ಆದರೆ ಕುಡಿಯುವ ಯಾವ ಔಷಧವೂ ಕಟ್ಟಿದ ಆ ಗಿಂಡಿಯನ್ನು ತೆರೆಯುವುದಿಲ್ಲ, ಅವನ ಕಣ್ಣಿಗೆ ಅಷ್ಟು ಸಮಯವೂ ಇಲ್ಲ.

ಆಪರೇಷನ್ ಹೇಗೆ ಎಂದು ತಿಳಿದರೆ ಹೆದರಿಕೆ ಸ್ವಲ್ಪ ಕಡಿಮೆಯಾಗುತ್ತದೆ, ಹಾಗಾಗಿ ಬರೆಯುತ್ತೇನೆ. ಪೂರ್ತಿ ಅರಿವಳಿಕೆ ಕೊಟ್ಟಮೇಲೆ ತಲೆಯನ್ನು ಮೂರು ಮೊನೆಯ ಕ್ಲಾಂಪಿನಲ್ಲಿ ಒಂದು ಕೂದಲೆಳೆಯಷ್ಟೂ ಅಲುಗಾಡದಂತೆ ಹಿಡಿಸುತ್ತಾರೆ. ಸಾಮಾನ್ಯವಾಗಿ ಬಲಗಡೆ, ಹಣೆಯ ಕೂದಲಿನ ಗೆರೆಗಿಂತ ಹಿಂದೆ, ಮೂಳೆಯ ಒಂದು ಮುಚ್ಚಳ ತೆಗೆಯುತ್ತಾರೆ. ಕೊನೆಗೆ ಅದೇ ಮುಚ್ಚಳವನ್ನು ಟೈಟೇನಿಯಂ ಪ್ಲೇಟಿನಿಂದ ಕೂರಿಸುತ್ತಾರೆ. ಒಳಗೆ ಹೋಗಲು ಎರಡು ದಾರಿ. ಒಂದು, ಮೆದುಳಿನ ಮೇಲ್ಪದರ ಸೀಳಿ ನೇರ ಕೋಣೆಗೆ ಇಳಿಯುವುದು. ನೀರು ತುಂಬಿ ಕೋಣೆ ದೊಡ್ಡದಾಗಿದ್ದಾಗ ಇದು ಸುಲಭ, ಆದರೆ ಮುಂದೆ ಫಿಟ್ಸ್ ಬರುವ ಸಂಭವ ಸ್ವಲ್ಪ ಹೆಚ್ಚು. ಇನ್ನೊಂದು, ಮೆದುಳಿನ ಬಲ ಎಡ ಹೋಳುಗಳ ನಡುವಿನ ಸಂದಿಯಲ್ಲಿ ಇಳಿಯುವುದು. ನನಗೆ ಈ ಎರಡನೆಯದೇ ಇಷ್ಟ. ಎರಡನ್ನೂ ಒಳ್ಳೆಯ ಸರ್ಜನ್‌ಗಳು ಮಾಡುತ್ತಾರೆ. ನಿಮ್ಮ ಡಾಕ್ಟರ ಕೈಗೆ ಯಾವುದು ಪಳಗಿದೆಯೋ ಅದೇ ನಿಮ್ಮ ತಮ್ಮನಿಗೆ ಒಳ್ಳೆಯ ದಾರಿ.

ಸಂದಿಯಲ್ಲಿ ಇಳಿದಾಗ ಮೈಕ್ರೋಸ್ಕೋಪಿನ ಕೆಳಗೆ ಮೊದಲು ಅಕ್ಕಪಕ್ಕ ಮಿಡಿಯುವ ಎರಡು ರಕ್ತನಾಳ ಕಾಣುತ್ತವೆ. ಅವುಗಳ ನಡುವೆ, ಸುತ್ತಲಿನದಕ್ಕಿಂತ ಬಿಳುಪಾದ ಒಂದು ಸೇತುವೆ, ಎರಡು ಹೋಳುಗಳನ್ನು ಬೆಸೆಯುವ ನರತಂತುಗಳ ಪಟ್ಟಿ. ಅದರಲ್ಲಿ ಎರಡು ಮೂರು ಸೆಂಟಿಮೀಟರ್ ಉದ್ದಕ್ಕೆ ಬಿಡಿಸಿದರೆ ಕೆಳಗೆ ಕೋಣೆ. ಒತ್ತಡದಲ್ಲಿದ್ದ ನೀರು ಮೇಲಕ್ಕೆ ಬರುತ್ತದೆ, ಅದು ಇಳಿದಮೇಲೆ ಬೂದು ಬಣ್ಣದ ಮೆತ್ತನೆಯ ಗೆಡ್ಡೆ ಕಾಣುತ್ತದೆ. ಮೊದಲ ಚೂರು ಪೆಥಾಲಜಿಗೆ ಓಡುತ್ತದೆ. ಫ್ರೋಜನ್ ಸೆಕ್ಷನ್ ಅನ್ನುತ್ತೇವೆ, ಅರ್ಧ ಗಂಟೆಯೊಳಗೆ ಫೋನ್ ಬರುತ್ತದೆ. ಅದು ಅಂತಿಮ ಹೆಸರಲ್ಲ, ಮುಂದುವರಿಯಬಹುದೇ ಎಂದು ತಿಳಿಯಲು ಸಾಕು. ಆಮೇಲೆ ಅಲ್ಟ್ರಾಸಾನಿಕ್ ಆಸ್ಪಿರೇಟರ್ ಎಂಬ ಉಪಕರಣದಿಂದ ಗೆಡ್ಡೆಯ ಒಳಗಿನಿಂದ ಒಡೆದು ಎಳೆಯುತ್ತಾ ಬರುತ್ತೇವೆ, ಗೋಡೆ ಕಡೆಗೆ ಹೋಗುವುದು ಕೊನೆಗೆ. ಇಲ್ಲಿ ಗಡಿಬಿಡಿ ಆಗಬಾರದು. ಕೋಣೆಯ ನೆಲದ ಮೇಲೆ ಒಂದು ಅಭಿಧಮನಿ ಹರಿಯುತ್ತದೆ, ಅದು ಹರಿದರೆ ಆಳದ ಮೆದುಳಿಗೆ ಪೆಟ್ಟು. ಗಿಂಡಿಯ ಅಂಚಿನಲ್ಲೇ ಫಾರ್ನಿಕ್ಸ್ ಎಂಬ ಬಿಳಿ ಹುರಿ ಇದೆ, ಹೊಸ ನೆನಪುಗಳು ಹಾದುಹೋಗುವ ದಾರಿ. ಗೆಡ್ಡೆ ಅದಕ್ಕೆ ಅಂಟಿದ್ದರೆ ಆ ಒಂದು ಚೂರನ್ನು ನಾನು ಬಿಟ್ಟುಬರುತ್ತೇನೆ. ಪೂರ್ತಿ ತೆಗೆದೆ ಎಂದು ಹೇಳಿಕೊಳ್ಳುವುದಕ್ಕಿಂತ ಅವನು ಬೆಳಗ್ಗೆ ಏನು ತಿಂದೆ ಎಂದು ನೆನಪಿಟ್ಟುಕೊಳ್ಳುವುದು ದೊಡ್ಡದು. ಕೊನೆಯಲ್ಲಿ ಗಿಂಡಿ ಬಿಡಿಸಿಕೊಂಡು, ಅದರ ಮೂಲಕ ತಿಳಿನೀರು ಉಸಿರಾಟದ ಲಯಕ್ಕೆ ಏರಿ ಇಳಿಯುವುದು ಕಾಣುತ್ತದೆ. ಅಲ್ಲಿಯವರೆಗೆ ಆರೇಳು ಗಂಟೆ ಆಗಿರಬಹುದು. ಹೊರಗೆ ಕೂತವರಿಗೆ ಅದು ಬಹಳ ದೊಡ್ಡ ಹೊತ್ತು ಎಂದು ಗೊತ್ತು. ತಡವಾಯಿತು ಎಂದರೆ ಏನೋ ಆಗಿದೆ ಎಂದು ಭಾವಿಸಬೇಡಿ. ಈ ಗೆಡ್ಡೆಯಲ್ಲಿ ರಕ್ತ ಸೋರುವುದು ಹೆಚ್ಚು, ಹಾಗಾಗಿ ರಕ್ತ ಕೊಡಬಲ್ಲ ಮೂರ್ನಾಲ್ಕು ಜನ ಊರಿಂದ ಜೊತೆಗೆ ಬಂದರೆ ಒಳ್ಳೆಯದು.

ಆಪರೇಷನ್‌ಗೆ ಮೊದಲೇ ಶಂಟ್, ಅಂದರೆ ತಲೆಯ ನೀರನ್ನು ಚರ್ಮದಡಿಯಿಂದ ಹೊಟ್ಟೆಗೆ ಹರಿಸುವ ಟ್ಯೂಬ್, ಹಾಕಿಸಬೇಕು ಎಂದೂ ಯಾರಾದರೂ ಹೇಳಬಹುದು. ಕೆಲವೇ ದಿನದಲ್ಲಿ ಗೆಡ್ಡೆ ತೆಗೆಯುವ ಏರ್ಪಾಡಾಗಿದ್ದು, ರೋಗಿ ಎಚ್ಚರವಾಗಿದ್ದರೆ, ನಾನು ಹಾಕುವುದಿಲ್ಲ. ಎರಡೂ ಗಿಂಡಿ ಮುಚ್ಚಿದ್ದರೆ ಒಂದು ಟ್ಯೂಬ್ ಸಾಲದೆಯೂ ಹೋಗಬಹುದು, ಸೋಂಕಿನ ಭಯ ಬೇರೆ. ಆದರೆ ಅವನು ಮಂಕಾದರೆ, ಕರೆದರೆ ತಡವಾಗಿ ಓಗೊಟ್ಟರೆ, ವಾಂತಿ ನಿಲ್ಲದಿದ್ದರೆ, ಆ ಹೊತ್ತಿಗೆ ಬೆಂಗಳೂರು ಎಂದು ಹೊರಡಬೇಡಿ. ಶಿವಮೊಗ್ಗಕ್ಕೆ ಬನ್ನಿ. ತಲೆಗೆ ಸಣ್ಣ ರಂಧ್ರ ಮಾಡಿ ನೀರು ಹೊರಗೆ ಬಸಿಯುವ ಟ್ಯೂಬ್ ಹಾಕುವುದು ಯಾವ ನ್ಯೂರೋಸರ್ಜನ್‌ಗೂ ಗೊತ್ತಿರುವ ಕೆಲಸ, ಅದು ಜೀವ ಉಳಿಸುತ್ತದೆ. ದಾರಿಯಲ್ಲಿ ತಲೆಯ ಕಡೆ ಸ್ವಲ್ಪ ಎತ್ತರವಿರಲಿ. ಜ್ವರವೂ ಇದೆ ಎಂದು ಯಾರಾದರೂ ಬೆನ್ನಿನಿಂದ ನೀರು ತೆಗೆಯಲು ಹೊರಟರೆ, ಮೊದಲು ಈ ಎಂಆರ್‌ಐ ತೋರಿಸಿ. ಮೇಲೆ ದಾರಿ ಕಟ್ಟಿದ್ದಾಗ ಕೆಳಗಿನಿಂದ ನೀರು ತೆಗೆಯಬಾರದು.

ಗೆಡ್ಡೆ ತೆಗೆಯುವ ಆಪರೇಷನ್ ಮಾತ್ರ ಇಂಥವುಗಳನ್ನು ಆಗಾಗ ಮಾಡುವ ಕಡೆ, ನರರೋಗಕ್ಕೇ ಮೀಸಲಾದ ಪೆಥಾಲಜಿಸ್ಟ್ ಮತ್ತು ಐಸಿಯು ಇರುವ ಕಡೆ ಆಗಲಿ. ನಿಮಗೆ ಆಗುಂಬೆ ಘಾಟಿ ಇಳಿದರೆ ಮಣಿಪಾಲ, ಇತ್ತ ಬೆಂಗಳೂರಿನ ನಿಮ್ಹಾನ್ಸ್. ಎಲ್ಲೇ ಹೋದರೂ ಎರಡು ಪ್ರಶ್ನೆ ಸಂಕೋಚವಿಲ್ಲದೆ ಕೇಳಿ: ನೀರಿನ ಕೋಣೆಯ ಗೆಡ್ಡೆಗಳನ್ನು ನೀವೇ ಮಾಡುತ್ತೀರಾ, ಫ್ರೋಜನ್ ಸೆಕ್ಷನ್ ಇಲ್ಲೇ ಆಗುತ್ತದಾ? ಒಳ್ಳೆಯ ಡಾಕ್ಟರಿಗೆ ಇದರಿಂದ ಬೇಸರವಾಗುವುದಿಲ್ಲ. ಖರ್ಚಿನ ವಿಷಯಕ್ಕೆ, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್ ಆದರೆ ಪ್ಯಾಕೇಜಿನ ಶೇ 30ರಷ್ಟು, 1.5 ಲಕ್ಷದವರೆಗೆ ಸಿಗುತ್ತದೆ. ಹೊರಡುವ ಮೊದಲು ಶಿವಮೊಗ್ಗದ ಸರ್ಕಾರಿ ಮೆಗ್ಗಾನ್ ಆಸ್ಪತ್ರೆಯಲ್ಲಿ ರೆಫರಲ್ ಪತ್ರದ ಬಗ್ಗೆ ವಿಚಾರಿಸಿ. ರೇಷನ್ ಕಾರ್ಡ್, ಆಧಾರ್ ಜೊತೆಗಿರಲಿ. ಎಂಆರ್‌ಐ ರಿಪೋರ್ಟಿನ ಹಾಳೆ ಸಾಲದು, ಸಿಡಿ ತನ್ನಿ.

ಮೊದಲಿನ ಹಾಗೇ ಇರುತ್ತಾನಾ ಎಂದು ಕೇಳಿದ್ದೀರಿ. ಬಹುಪಾಲು ಜನ ಕೆಲಸಕ್ಕೆ ಮರಳುತ್ತಾರೆ. ಆದರೆ ಮೊದಲ ಕೆಲವು ವಾರ ಹೇಗಿರಬಹುದು ಎಂದು ಮೊದಲೇ ಗೊತ್ತಿದ್ದರೆ ನೀವು ಗಾಬರಿಯಾಗುವುದಿಲ್ಲ. ಎಡಗಾಲು ಕೆಲವು ದಿನ ಭಾರವಾಗಬಹುದು. ಮಾತು ಕಡಿಮೆಯಾಗಬಹುದು, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಬಹುದು. ಕೇಳಿದ್ದನ್ನೇ ಮತ್ತೆ ಕೇಳಬಹುದು, ಅಮ್ಮ ಯಾವಾಗ ಬಂದದ್ದು ಎಂದು ಹತ್ತು ನಿಮಿಷಕ್ಕೊಮ್ಮೆ. ಹೆಚ್ಚಿನವರಲ್ಲಿ ಇದು ವಾರಗಳಲ್ಲಿ, ಕೆಲವರಲ್ಲಿ ತಿಂಗಳುಗಳಲ್ಲಿ ಸರಿಹೋಗುತ್ತದೆ. ಕೆಲವೇ ಕೆಲವರಲ್ಲಿ ನೆನಪಿನ ತೊಂದರೆ ಉಳಿಯುತ್ತದೆ. ರಕ್ತಸ್ರಾವ, ಸೋಂಕು, ಫಿಟ್ಸ್, ಆಮೇಲೂ ಶಂಟ್ ಬೇಕಾಗುವುದು, ಇವೆಲ್ಲ ಇರುವ ಅಪಾಯಗಳೇ, ಇಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಐಸಿಯುನಲ್ಲಿ ತಲೆಯಿಂದ ಒಂದು ಟ್ಯೂಬ್ ಹೊರಬಂದು ಮಂಚದ ಪಕ್ಕದ ಚೀಲಕ್ಕೆ ನೀರು ಹನಿಯುತ್ತಿರುತ್ತದೆ. ಆ ಚೀಲದ ಎತ್ತರವನ್ನು ಅವನ ಕಿವಿಯ ಮಟ್ಟ ನೋಡಿ ಅಳೆದು ಕಟ್ಟಿರುತ್ತಾರೆ. ನೋಡಲು ಹೋದವರು ಕಾಫಿ ಕುಡಿಸಬೇಕೆಂದು ಮಂಚ ಎತ್ತುವುದು, ದಿಂಬು ಸೇರಿಸುವುದು ಮಾಡಬೇಡಿ. ನೀರು ಬೇಕಾದ್ದಕ್ಕಿಂತ ವೇಗವಾಗಿ ಬಸಿದುಹೋಗುತ್ತದೆ. ಸಿಸ್ಟರನ್ನು ಕರೆಯಿರಿ.

ಪೂರ್ತಿ ಹೆಸರಿನ ರಿಪೋರ್ಟ್ ಬರಲು ಒಂದು ವಾರ, ಕೆಲವೊಮ್ಮೆ ಹೆಚ್ಚು ಬೇಕು. ಅದರಲ್ಲಿ ಕೆಐ-67 ಎಂಬ ಒಂದು ಅಂಕಿ ಇರುತ್ತದೆ, ಕೋಶಗಳು ಎಷ್ಟು ವೇಗವಾಗಿ ಒಡೆಯುತ್ತಿವೆ ಎಂಬ ಲೆಕ್ಕ. ಅದು ಶೇಕಡಾ ಎರಡು ಮೂರಕ್ಕಿಂತ ಹೆಚ್ಚಿದ್ದರೆ ಮತ್ತೆ ಬರುವ ಸಂಭವ ಹೆಚ್ಚು ಎಂದು ಹತ್ತಿರದಿಂದ ನೋಡುತ್ತಾರೆ. ಪೂರ್ತಿ ತೆಗೆದಿದ್ದರೆ ಸಾಮಾನ್ಯವಾಗಿ ರೇಡಿಯೇಷನ್ ಬೇಕಿಲ್ಲ, ಸ್ಕ್ಯಾನ್ ಮಾಡುತ್ತಾ ಕಾಯುತ್ತಾರೆ. ಉಳಿದಿದ್ದರೆ ಕಿರಣದ ಮಾತು ಆಗ ಬರುತ್ತದೆ. ಆ ರಿಪೋರ್ಟಿನ ಜೊತೆ ಇನ್ನೊಂದನ್ನು ವಿಚಾರಿಸಿ. ಗೆಡ್ಡೆಯ ಚೂರನ್ನು ಮೇಣದಲ್ಲಿ ಹುದುಗಿಸಿ, ಬೆಂಕಿಪೆಟ್ಟಿಗೆಗಿಂತ ಚಿಕ್ಕ ಪ್ಲಾಸ್ಟಿಕ್ ಚೌಕಟ್ಟಿನಲ್ಲಿ ನಂಬರ್ ಹಾಕಿ ಇಟ್ಟಿರುತ್ತಾರೆ. ಬ್ಲಾಕ್ ಅನ್ನುತ್ತಾರೆ. ಎರಡನೆಯ ಅಭಿಪ್ರಾಯಕ್ಕೆ, ಮುಂದೆ ಹೊಸ ಪರೀಕ್ಷೆಗೆ, ಅದೇ ಆಧಾರ. ಆ ನಂಬರನ್ನು ಮನೆಯ ಡೈರಿಯಲ್ಲಿ ಬರೆದಿಡಿ. ಮುಂದಿನ ಎಂಆರ್‌ಐಗಳನ್ನು ಶಿವಮೊಗ್ಗದಲ್ಲೇ ಮಾಡಿಸಬಹುದು, ಪ್ರತಿ ಸಲ ಹಳೆಯ ಸಿಡಿ ಒಯ್ಯಬೇಕು ಅಷ್ಟೇ. ಐದು ವರ್ಷ ಏನೂ ಇಲ್ಲ ಎಂದು ನಿಲ್ಲಿಸಬೇಡಿ, ತಡವಾಗಿ ಮರಳಿದ್ದನ್ನೂ ಕಂಡಿದ್ದೇವೆ.

ಕೊನೆಯದಾಗಿ, ತಮ್ಮನಿಗೆ ಹೇಳುವ ವಿಷಯ. ಹೇಳಿ. ನೀವು ಅವನಿಗೆ ಹೇಳಿರುವುದು ಸುಳ್ಳಲ್ಲ, ನೀರು ತುಂಬಿರುವುದು ನಿಜವೇ. ಯಾಕೆ ತುಂಬಿದೆ ಎಂಬುದನ್ನು ಮಾತ್ರ ಸೇರಿಸಬೇಕು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕಾದವನು ಅವನು. ಎಚ್ಚರವಾಗಿರುವ 29 ವರ್ಷದ ಗಂಡಸಿನ ಪರವಾಗಿ ಅಕ್ಕ ಸಹಿ ಹಾಕುವುದು ಸರಿಯಲ್ಲ. ಗೊತ್ತಿಲ್ಲದೆ ಓಟಿಗೆ ಹೋದವರು ಎಚ್ಚರವಾದಾಗ ಹೆಚ್ಚು ಹೆದರುವುದನ್ನು ನಾನು ನೋಡಿದ್ದೇನೆ. ಹೇಳುವುದು ನಿಮಗೆ ಕಷ್ಟವಾದರೆ ನಮ್ಮ ಮೇಲೆ ಬಿಡಿ, ಅದು ನಮ್ಮ ಕೆಲಸವೇ. ಡಾಕ್ಟರ ಕೋಣೆಗೆ ಹೋಗುವಾಗ ಅವನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ನೀವಷ್ಟೇ ಒಳಗೆ ಹೋಗಬೇಡಿ. ಅವನನ್ನೂ ಕರೆದುಕೊಂಡು ಹೋಗಿ, ಸ್ಕ್ಯಾನ್ ಕಾಣುವ ಪರದೆಯ ಹತ್ತಿರದ ಕುರ್ಚಿಯಲ್ಲಿ ಕೂರಿಸಿ.